ಬಿಟ್ಟು ಹೋದವರು

ಮನುಷ್ಯರಿಗಿರುವಂತೆ ಪದಗಳಿಗೂ ಕುಟುಂಬಗಳಿವೆ. ಒಂದೇ ಮನೆಯ ಸೋದರರ ಮುಖದಲ್ಲಿ ಹೋಲಿಕೆಯಿರುವಂತೆ ಕೆಲವು ಪದಗಳ ಅರ್ಥದಲ್ಲಿಯೂ ಹೋಲಿಕೆಯಿರುತ್ತದೆ. ಆದರೆ ಅಣ್ಣನನ್ನು ಕರೆಯಬೇಕಾದಲ್ಲಿ ತಮ್ಮನನ್ನು ಕರೆದರೆ ಕೆಲಸ ಕೆಡುವುದುಂಟು. ಈ ಮಾತನ್ನು ನನಗೆ ಮನಗಾಣಿಸಿದವನು ಮಟ್ಟುವಿನ ಒಬ್ಬ ಬಾಲಕ.

ಉಡುಪಿಯ ದಕ್ಷಿಣಕ್ಕೆ, ಕಟಪಾಡಿಯ ಸಮೀಪದಲ್ಲಿ, ಕಡಲು ಮತ್ತು ಹೊಳೆಗಳ ನಡುವೆ ಮಟ್ಟು ಎಂಬ ಹಳ್ಳಿಯಿದೆ. ಅಲ್ಲಿನ ಗದ್ದೆಗಳಲ್ಲಿ ಭತ್ತದ ಕೊಯ್ಲಾದ ಮೇಲೆ ಬೆಳೆಯುವ ತಿಳಿಹಸಿರಿನ ದುಂಡು ಬದನೆಯೇ ಮಟ್ಟುಗುಳ್ಳ. ಅದರ ಬೀಜವನ್ನು ವಾದಿರಾಜರು ಅನುಗ್ರಹಿಸಿದರೆಂದು ಐತಿಹ್ಯವಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಾನು ಹೇಳುವ ಸಂಗತಿ ಅದಕ್ಕಿಂತ ಬಹಳ ಹಿಂದಿನದು.

1988ರ ಡಿಸೆಂಬರಿನಲ್ಲಿ ಒಂದು ದಿನ, ಇಂಗ್ಲಿಷ್ ಅಧ್ಯಾಪಕರು ರಜೆಯಲ್ಲಿದ್ದುದರಿಂದ, ಒಂಬತ್ತನೆಯ ತರಗತಿಗೆ ನಾನು ಹೋದೆ. ‘ನನ್ನ ಕುಟುಂಬ’ ಎಂಬ ವಿಷಯವನ್ನು ಕೊಟ್ಟು ಇಂಗ್ಲಿಷಿನಲ್ಲಿ ಬರೆಯಿಸಿದೆ. ತನ್ನ ತಂದೆ ಮನೆಯವರನ್ನು ಬಿಟ್ಟು ಬೊಂಬಾಯಿಗೆ ಹೋಗಿರುವರೆಂದು ತಿಳಿಸಲು ಆ ಹುಡುಗ ‘ಅಬ್ಯಾಂಡನ್’ ಎಂಬ ಪದವನ್ನು ಬಳಸಿದ್ದ. ನಾನು ಅದನ್ನು ಗಟ್ಟಿಯಾಗಿ ಓದಿ ನಕ್ಕೆ, ತರಗತಿಯೂ ನಕ್ಕಿತು. “ಹೋಟೆಲಿನಲ್ಲಿ ದುಡಿಯಲು ಹೋದವರಿಗೆ ಅಷ್ಟು ದೊಡ್ಡ ಪದವೇಕೆ?” ಎನ್ನುತ್ತ ಕೆಂಪು ಶಾಯಿಯಲ್ಲಿ ‘ಲೀವ್’ ಎಂದು ತಿದ್ದಿದೆ. ಹುಡುಗ ತಲೆಯೆತ್ತದೆ ಹೇಳಿದ: “ಮೂರು ವರ್ಷದಿಂದ ಕಾಗದವೂ ಬಂದಿಲ್ಲ, ಹಣವೂ ಬಂದಿಲ್ಲ ಸರ್.”

ಆ ರಾತ್ರಿ ನಿಘಂಟನ್ನು ತೆರೆದು ಕುಳಿತೆ. ‘ಲೀವ್’ ಎಂದರೆ ಬರಿದೆ ಬಿಟ್ಟು ಹೋಗುವುದು. ಬೆಳಿಗ್ಗೆ ಮನೆ ಬಿಟ್ಟವನು ಸಂಜೆ ಮರಳಬಹುದು. ‘ಅಬ್ಯಾಂಡನ್’ ಎಂದರೆ ಮರಳುವ ಯೋಚನೆಯನ್ನೇ ಬಿಟ್ಟು ಪೂರ್ತಿಯಾಗಿ ತೊರೆಯುವುದು. ಮುಳುಗುತ್ತಿರುವ ದೋಣಿಯನ್ನು ಮೀನುಗಾರರು ಹೀಗೆ ತೊರೆದರೆ ತಪ್ಪೇನೂ ಇಲ್ಲ. ಆದರೆ ಜೊತೆಗಾರನನ್ನು ನೀರಿನಲ್ಲಿ ಬಿಟ್ಟು ತಾನೊಬ್ಬನೇ ದಡ ಸೇರಿದರೆ ಅದು ‘ಡೆಸರ್ಟ್’, ಕರ್ತವ್ಯವಿದ್ದಲ್ಲಿ ಕೈಬಿಡುವುದು. ‘ಫೋರ್‌ಸೇಕ್’ ಎಂಬುದರಲ್ಲಿ ಪ್ರೀತಿಯ ನಂಟು ಕಡಿದ ನೋವಿದೆ. ‘ರಿನೌನ್ಸ್’ ಎಂದರೆ ತನ್ನದನ್ನು ತಾನೇ ಮನಸಾರೆ ತ್ಯಜಿಸುವುದು. ಸಿದ್ಧಾರ್ಥನು ಅರಮನೆಯನ್ನು ಬಿಟ್ಟುದಕ್ಕೆ ಲೋಕವು ಈ ಪದವನ್ನೇ ಸಲ್ಲಿಸುತ್ತದೆ; ಯಶೋಧರೆಯನ್ನು ಕೇಳಿದ್ದರೆ ಯಾವುದನ್ನು ಆರಿಸುತ್ತಿದ್ದಳೋ!

ಮರುದಿನ ಸಂಜೆ ಹುಡುಗನ ಮನೆಗೆ ಹೋದೆ. ಅವನ ತಾಯಿ ಗುಳ್ಳದ ಗಿಡಗಳಿಗೆ ನೀರು ಹೊಯ್ಯುತ್ತಿದ್ದರು. ನನ್ನ ತಪ್ಪನ್ನು ಹೇಳಿಕೊಂಡೆ. ಆಕೆ ಕೊಡವನ್ನು ಕೆಳಗಿಟ್ಟು ತುಳುವಿನಲ್ಲಿ ಹೇಳಿದ ಮಾತಿನ ಸಾರವಿಷ್ಟು: “ಅವರು ಕೈಬಿಟ್ಟರೆಂದು ನಾನು ಹೇಳಲಾರೆ ಮಾಷ್ಟ್ರೇ. ಸುದ್ದಿ ಬಂದಿಲ್ಲ, ಅಷ್ಟೇ ಗೊತ್ತು. ಗದ್ದೆಯನ್ನಂತೂ ನಾವು ಹಡಿಲು ಬಿಟ್ಟಿಲ್ಲ.” ಉಳುವವರಿಲ್ಲದೆ ಪಾಳುಬಿದ್ದ ಗದ್ದೆಯನ್ನು ನಮ್ಮ ಕರಾವಳಿಯಲ್ಲಿ ಹಡಿಲು ಎನ್ನುತ್ತಾರೆ.

ನಾನು ತಿದ್ದಿ ಬರೆದ ಪದ ಆ ಮನೆಯ ದುಃಖಕ್ಕೆ ತೀರ ಹಗುರವಾಗಿತ್ತು. ಹುಡುಗನ ಪದ ತಾಯಿಯ ನಿರೀಕ್ಷೆಗೆ ತೀರ ಭಾರವಾಗಿತ್ತು. ಹೋಲುವ ಪದಗಳನ್ನು ನಿಘಂಟು ಬೇರ್ಪಡಿಸಿ ತೋರಿಸುತ್ತದೆ. ಅವುಗಳಲ್ಲಿ ಒಂದನ್ನು ಇನ್ನೊಬ್ಬರ ಬಾಳಿಗೆ ಅಂಟಿಸುವ ಮುನ್ನ ಅವರನ್ನೇ ಕೇಳಬೇಕು.

ತರಗತಿಯ ಮುಂದೆ ನಕ್ಕವನು ತರಗತಿಯ ಮುಂದೆಯೇ ಕ್ಷಮೆ ಕೇಳಿದೆ. ದೋಣಿಯ ಉದಾಹರಣೆಯಿಂದ ಆ ಪದಗಳನ್ನು ಬಿಡಿಸಿ ಹೇಳಿದೆ. ಕೆಲವು ದಿನಗಳ ಬಳಿಕ ಹುಡುಗ ತನ್ನ ಪುಸ್ತಕವನ್ನು ತಂದುಕೊಟ್ಟ. ತನ್ನ ಪದವನ್ನೂ ನನ್ನ ಕೆಂಪು ಪದವನ್ನೂ ಹೊಡೆದುಹಾಕಿ ಎರಡು ಪುಟ್ಟ ವಾಕ್ಯಗಳನ್ನು ಬರೆದಿದ್ದ: ‘ತಂದೆ ಬೊಂಬಾಯಿಗೆ ಹೋದರು. ನಾವು ಕಾಯುತ್ತಿದ್ದೇವೆ.’

ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.