ದೇವರಿಗೆ ಬಿಟ್ಟ ಕೋಳಿ

ನಮ್ಮ ಮನೆಯ ಹಿತ್ತಲಿನಲ್ಲಿ ದೇವರಿಗೆ ಇದ್ದಷ್ಟು ಆಸ್ತಿ ಮುಜರಾಯಿ ಇಲಾಖೆಯ ಕಡತಗಳಲ್ಲೂ ಇರಲಾರದು. ಬೂದು ಹುಂಜ ಚೌಡಿಯದು. ಕೆಂಪು ಹ್ಯಾಟೆ ಪಂಜ್ರೊಳ್ಳಿಯದು. ಕೊರಳಲ್ಲಿ ಗರಿಯೇ ಇಲ್ಲದ, ಯಾರೋ ಅರ್ಧ ಪುಕ್ಕ ತರಿದು ಆಮೇಲೆ ಮನಸ್ಸು ಬದಲಾಯಿಸಿ ಬಿಟ್ಟಂತಿದ್ದ ಇನ್ನೊಂದು ಹುಂಜ ಗದ್ದೆಯಂಚಿನ ಭೂತರಾಯನದು. ಇವೆಲ್ಲ ಮನೆಯ ಭತ್ತ ತಿಂದು, ಮನೆಯ ಒಡ್ಡಿಯಲ್ಲಿ ಮಲಗಿ, ಮನೆಯವರ ಕಾಲಿಗೇ ಕುಕ್ಕುತ್ತಿದ್ದವು. ಆದರೆ ಮನೆಯವರದಾಗಿರಲಿಲ್ಲ. ಹಾಗಂತ ದೇವರೂ ಬಂದು ಒಯ್ದವನಲ್ಲ. ಇಬ್ಬರು ಒಡೆಯರ ನಡುವಿನ ಆ ಸಂದಿಯಲ್ಲಿ ಕೋಳಿಗಳು ಕೊಬ್ಬಿದವು, ಮುದಿಯಾದವು, ಮೊಮ್ಮಕ್ಕಳನ್ನು ಕಂಡವು. ಸಂದಿಯನ್ನು ಕಾಯುತ್ತಿದ್ದವಳು ಅಜ್ಜಿ.

ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಇನ್ನೂ ಒಂದಷ್ಟು ನಡೆಯಬೇಕಾದ ಒಂಟಿ ಮನೆ ನಮ್ಮದು. ಜಗಲಿ, ಅಂಗಳ, ಅದರಾಚೆಯ ಗದ್ದೆ ತೋಟಗಳೆಲ್ಲ ಅಜ್ಜಯ್ಯನ ಲೆಕ್ಕದ ಪುಸ್ತಕಕ್ಕೆ ಸೇರಿದ್ದವು. ಅಡುಗೆಮನೆಯ ಹಿಂಬಾಗಿಲು ದಾಟಿದ ಮೇಲೆ ಆ ಪುಸ್ತಕದ ಆಡಳಿತ ನಡೆಯುತ್ತಿರಲಿಲ್ಲ. ಬಚ್ಚಲೊಲೆಯ ಬೂದಿಗುಡ್ಡೆ, ಬಸಳೆ ಚಪ್ಪರ, ನೀರು ಹರಿಯುವ ಕಡೆ ಎದ್ದ ಕೆಸುವಿನ ಗಿಡ, ಕೋಳಿ ಒಡ್ಡಿ, ಇಷ್ಟು ಅಜ್ಜಿಯ ಸೀಮೆ. ಮೊಟ್ಟೆ ಮಾರಿದ ದುಡ್ಡನ್ನು ಅಜ್ಜಯ್ಯ ಎಂದೂ ಕೇಳುತ್ತಿರಲಿಲ್ಲ. ಅದು ಅಜ್ಜಿಯ ಸೆರಗಿನ ಗಂಟಿನಲ್ಲಿರುತ್ತಿತ್ತು. ಅತ್ತೆಯಂದಿರು ತವರಿನಿಂದ ಹೊರಡುವಾಗ ಅವರ ಕೈಯೊಳಗೆ ತುರುಕುವ ನೋಟು, ಜಾತ್ರೆಯಲ್ಲಿ ನಮಗೆ ಬತ್ತಾಸಿಗೆಂದು ಸಿಗುವ ಚಿಲ್ಲರೆ, ಎಲ್ಲ ಆ ಗಂಟಿನಿಂದಲೇ ಬರಬೇಕು. ಆ ನೋಟುಗಳಿಗೆ ಯಾವಾಗಲೂ ತೌಡಿನ ವಾಸನೆ.

ಹರಕೆಯ ವ್ಯವಹಾರ ಶುರುವಾದದ್ದು ನ್ಯಾಯವಾಗಿಯೇ. ನನಗೆ ಸಣ್ಣವನಿದ್ದಾಗ ಜ್ವರ ಬಂದು ಇಳಿಯದೆ ಹೋದಾಗ, ಹುಡುಗ ಎದ್ದು ಕೂತರೆ ಒಂದು ಹುಂಜ ಕೊಡ್ತೀನಿ ಅಂತ ಅಜ್ಜಿ ಚೌಡಿಗೆ ಹೇಳಿಕೊಂಡಳು. ನಾನು ಎದ್ದು ಕೂತೆ. ಹುಂಜವೂ ಬೆಳೆಯಿತು. ಆದರೆ ಕೊಡುವ ಕಾಲ ಬಂದಾಗಲೆಲ್ಲ ಏನಾದರೊಂದು ಅಡ್ಡಿ. ಒಂದು ವರ್ಷ ದಾಯಾದಿಗಳಲ್ಲಿ ಸೂತಕ. ಇನ್ನೊಂದು ವರ್ಷ ಮನೆಯಲ್ಲಿ ಬಸುರಿ ಇದ್ದಾಳೆ, ಕತ್ತಿ ಎತ್ತುವಂತಿಲ್ಲ. ಮತ್ತೊಂದು ವರ್ಷ ಏನೂ ಇಲ್ಲದಿದ್ದಾಗ, ಹುಂಜದ ಜುಟ್ಟು ಇನ್ನೂ ಬಲಿತಿಲ್ಲ ಅಂದಳು. ಆ ಹೊತ್ತಿಗೆ ಜುಟ್ಟು ಬಲಿತು ಬಲಿತು ಒಂದು ಕಣ್ಣಿನ ಮೇಲೆ ಜೋತು ಬಿದ್ದಿತ್ತು. ದೇವರಿಗೆ ಬಿಟ್ಟಿದ್ದನ್ನು ಮನುಷ್ಯರು ಮುಟ್ಟುವ ಹಾಗಿಲ್ಲ, ದೇವರಿಗೆ ತಲುಪಿಸಲು ಮುಹೂರ್ತ ಇಲ್ಲ. ಇದಕ್ಕಿಂತ ಭದ್ರವಾದ ಜಾಗ ಒಂದು ಹುಂಜಕ್ಕೆ ಭೂಮಿಯ ಮೇಲೆ ಇನ್ನೆಲ್ಲಿದೆ? ಇದು ಅಜ್ಜಿಗೆ ಹೊಳೆದ ಮೇಲೆ ಒಂದೊಂದೇ ಕೋಳಿ ಖಾತೆ ಬದಲಾಯಿಸತೊಡಗಿತು.

ನೆಂಟರು ಬಂದ ದಿನ ಹಿತ್ತಲಿನಲ್ಲಿ ನಡೆಯುತ್ತಿದ್ದ ಮಾತುಕತೆ ನನಗೆ ಬಾಯಿಪಾಠ. ಚಿಕ್ಕಯ್ಯ ಬುಟ್ಟಿ ಹಿಡಿದು ನಿಂತಿರುತ್ತಿದ್ದರು.

“ಆ ಬೂದು ಬಣ್ಣದ್ದು ಹಿಡೀಲಾ ಅವ್ವಾ?”

“ಅದು ಚೌಡಿಗೆ ಬಿಟ್ಟಿದ್ದಲ್ಲನಾ!”

“ಹಂಗಾರೆ ಈ ಕುಂಟ ಹುಂಜ? ಕುಂಟಿದ್ದನ್ನ ದೇವರಿಗೆ ಕೊಡ್ತಾರೇನು?”

“ಅದರ ಕಾಲು ಸರಿಯಾಗ್ಲಿ ಅಂತ ಆ ಕರಿ ಹುಂಜನ್ನ ಭೂತರಾಯಂಗೆ ಹೇಳಿಟ್ಟೀನಿ. ಕಾಲು ಸರಿಯಾಗೋವರೆಗೆ ಇದನ್ನ ಮುಟ್ಟಂಗಿಲ್ಲ, ಸರಿಯಾದ ಮೇಲೆ ಅದನ್ನ ಮುಟ್ಟಂಗಿಲ್ಲ.”

ಚಿಕ್ಕಯ್ಯ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. ಒಳಗೆ ನನ್ನ ಅವ್ವ ನಿಟ್ಟುಸಿರು ಬಿಟ್ಟು ಬದನೆಕಾಯಿ ಹೆಚ್ಚಲು ಕೂರುತ್ತಿದ್ದಳು. ಕೋಳಿಸಾರಿನ ಆಸೆಯಿಂದ ಗಾಡಿ ಕಟ್ಟಿಸಿಕೊಂಡು ಬಂದ ನೆಂಟರಿಗೆ ಬದನೆಕಾಯಿ ಗೊಜ್ಜಿನ ಜೊತೆ ಕಡುಬು ಬಡಿಸುವ ಸಂಕಟ ಅವಳದು. ಎಲೆಯ ಮುಂದೆ ಕೂತವರ ಕಿವಿಗೆ ಹಿತ್ತಲಿನಿಂದ ಹುಂಜಗಳ ಕೂಗು ಬೇರೆ ಧಾರಾಳವಾಗಿ ಬೀಳುತ್ತಿತ್ತು.

ಪೇಟೆಗೆ ಹೋಗಿ ಪೇಪರು ಓದಿ ಬರುತ್ತಿದ್ದ ಚಿಕ್ಕಯ್ಯ ಒಮ್ಮೆ ಹೊಸ ಅಸ್ತ್ರ ತಂದರು. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ಕೊಡಬಾರದೆಂದು 1959ರಲ್ಲೇ ಕಾನೂನಾಗಿದೆ, ಹಾಗಾಗಿ ಈ ಹರಕೆ ತೀರಿಸುವುದೇ ಅಪರಾಧ, ಸುಮ್ಮನೆ ಸಾರು ಮಾಡಿಬಿಡುವುದು ಒಳ್ಳೆಯದು ಎಂಬುದು ಅವರ ವಾದ. ಅಜ್ಜಿ ಅಡಿಕೆ ಸುಲಿಯುವುದನ್ನು ನಿಲ್ಲಿಸಿ ಗಂಭೀರವಾಗಿ ಕೇಳಿಸಿಕೊಂಡಳು. ಜನ್ಮದಲ್ಲಿ ಯಾವ ಸರ್ಕಾರಕ್ಕೂ ಹೆದರದವಳು ಅಂದಿನಿಂದ ಸೀಮೆಗೇ ದೊಡ್ಡ ಕಾನೂನುಪಾಲಕಿಯಾದಳು. “ಕೊಡಾಕೆ ನಂಗೇನು? ಸರ್ಕಾರ ಬಿಡಬೇಕಲ್ಲ!” ಅನ್ನತೊಡಗಿದಳು. ಸಾರಿನ ಪ್ರಸ್ತಾಪಕ್ಕೆ ಮಾತ್ರ ಕಾನೂನಿನಲ್ಲಿ ಉತ್ತರ ಹುಡುಕುವ ಗೋಜಿಗೆ ಹೋಗಲಿಲ್ಲ. ದೇವರ ಸೊತ್ತು ದೇವರದೇ.

ಅಜ್ಜಿ ಕೋಳಿ ತಿನ್ನದವಳೇನೂ ಅಲ್ಲ. ಬೇರೆಯವರ ಮನೆಯ ಕೋಳಿಯಾದರೆ ಎರಡು ಸಲ ಕೇಳಿ ಬಡಿಸಿಕೊಂಡು, ಮೂಳೆಯ ಒಳಗನ್ನೂ ಬಿಡದೆ ಹೀರುತ್ತಿದ್ದಳು. ಅವಳಿಗಿದ್ದದ್ದು ತತ್ವದ ತೊಡಕಲ್ಲ, ಪರಿಚಯದ ತೊಡಕು. ಮೊಟ್ಟೆಯಾಗಿದ್ದಾಗಲೇ ಮಸಿಯಲ್ಲಿ ಗೆರೆಯೆಳೆದು ಗುರುತು ಮಾಡಿ, ಗುಡುಗಿಗೆ ಕೆಡದಿರಲೆಂದು ಬುಟ್ಟಿಯ ತಳದಲ್ಲಿ ಕಬ್ಬಿಣದ ಚೂರು ಇಟ್ಟು ಕಾವಿಗೆ ಕೂರಿಸಿ, ಮರಿಯಾದ ಮೇಲೆ ಹದ್ದು ಮುಂಗುಸಿಗಳಿಂದ ಕಾದು, ಸಂಜೆ ‘ಬಾ ಬಾ ಬಾ’ ಅಂದಾಗ ಸೀರೆಯ ನೆರಿಗೆಯಡಿಗೆ ಓಡಿ ಬರುವ ಜೀವವನ್ನು ಸಾರಿನಲ್ಲಿ ಕಾಣುವುದು ಅವಳಿಂದ ಆಗುತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವುದೂ ಆಗುತ್ತಿರಲಿಲ್ಲ. ಅವಳ ಕಾಲದ ಹೆಂಗಸರು ತಮಗೆ ಇಂಥದ್ದು ಬೇಕು, ಇಂಥದ್ದು ಇಷ್ಟ ಎಂದು ಜಗಲಿಯವರೆಗೆ ಕೇಳುವಂತೆ ಅಂದವರಲ್ಲ. ಆ ಹುಂಜದ ಮೇಲೆ ನನ್ನ ಜೀವ ಇದೆ ಅಂದಿದ್ದರೆ ಜಗಲಿ ನಗುತ್ತಿತ್ತು. ದೇವರ ಹೆಸರಿಗೆ ಬರೆದಿಟ್ಟರೆ ಯಾರೂ ನಗುವಂತಿಲ್ಲ. ತನ್ನದೆಂದು ಹೇಳಿಕೊಳ್ಳಲಾರದ ಪ್ರೀತಿಯನ್ನೆಲ್ಲ ಅಜ್ಜಿ ಹೀಗೆ ಮೇಲಿನವರ ಖಾತೆಗೆ ಜಮಾ ಮಾಡುತ್ತಾ ಹೋದಳು.

ಈ ವ್ಯವಸ್ಥೆಗೆ ಸಂಚಕಾರ ಬಂದದ್ದು ಬಾತುಕೋಳಿಗಳಿಂದ. ಚಿಕ್ಕಯ್ಯ ಭದ್ರಾವತಿ ಕಡೆಯ ನೆಂಟರ ಮನೆಗೆ ಹೋಗಿದ್ದವರು, ಕೊಯ್ಲಾದ ಗದ್ದೆಗಳಲ್ಲಿ ಬಾತಿನ ಹಿಂಡು ಮೇಯಿಸುತ್ತಾ ಊರೂರು ತಿರುಗುವವರ ಹತ್ತಿರ ಒಂದಷ್ಟು ಮೊಟ್ಟೆ ಕೊಂಡು ತೌಡಿನ ಚೀಲದಲ್ಲಿ ಹುಗಿದು ತಂದರು. ಸಾಕಿದ ಬಾತುಗಳು ಮೊಟ್ಟೆಯಿಡುವುದರಲ್ಲಿ ಧಾರಾಳಿಗಳು, ಕಾವು ಕೂರುವುದರಲ್ಲಿ ಉದಾಸೀನರು. ಆ ಕೆಲಸಕ್ಕೆ ಕೋಳಿಯೇ ಆಗಬೇಕು. ಪಂಜ್ರೊಳ್ಳಿಯ ಕೆಂಪು ಹ್ಯಾಟೆ ಸಿಕ್ಕಿತು. ಕೋಳಿಮೊಟ್ಟೆ 21 ದಿನಕ್ಕೆ ಒಡೆದರೆ ಬಾತಿನದಕ್ಕೆ 28 ದಿನ ಬೇಕು. ಲೆಕ್ಕದ ದಿನ ದಾಟಿದ ಮೇಲೆ ಹ್ಯಾಟೆ ಎದ್ದೆದ್ದು ಕೂರತೊಡಗಿತು. ಅಜ್ಜಿ ಅದರೆದುರು ಕುಕ್ಕರುಗಾಲಲ್ಲಿ ಕೂತು, “ಇನ್ನೊಂದು ವಾರ ತಡಕಾ ಮಾರಾಯ್ತೀ, ನನ್ನ ಎರಡನೇ ಮಗನೂ ಹಿಂಗೇ ಸತಾಯಿಸಿ ಹುಟ್ಟಿದ್ದು” ಎಂದು ಸಮಾಧಾನ ಹೇಳುತ್ತಿದ್ದಳು. ಎರಡನೇ ಮಗ ಚಿಕ್ಕಯ್ಯ ಅಲ್ಲೇ ನಿಂತಿರುತ್ತಿದ್ದರು.

ಮರಿಗಳಾದವು. ಗಟ್ಟಿಯಾದ ದಿನವೇ ತೋಟದ ಹೊಂಡಕ್ಕೆ ಇಳಿದವು. ಹ್ಯಾಟೆ ದಡದಲ್ಲಿ ಎರಡು ಸುತ್ತು ಓಡಿ, ಕೂಗಿ, ಮೂರನೆಯ ಸುತ್ತಿನಲ್ಲಿ ಗೆದ್ದಲು ಕಂಡು ಕೆದರಲು ನಿಂತಿತು. ಅದರ ಮಟ್ಟಿಗೆ ವಿಷಯ ಮುಗಿಯಿತು. ಮುಗಿಯದಿದ್ದದ್ದು ಅಜ್ಜಿಗೆ. ಎಷ್ಟೋ ದಿನ ಕೋಲು ಹಿಡಿದು ಹೊಂಡದ ಬದಿಯಲ್ಲಿ ನಿಂತು, ಶೀತ ಆಗ್ತದೆ, ಮೇಲೆ ಬರ್ರೋ ಎಂದು ಕರೆಯುತ್ತಿದ್ದಳು.

ಬಾತುಗಳಿಗೆ ಮನೆಯ ಶಿಸ್ತು ಅನ್ವಯಿಸಲಿಲ್ಲ. ಸಾಲಾಗಿ ಬಂದು ಜಗಲಿ ಹತ್ತಿ, ಪಂಚಾಯ್ತಿಗೆ ಕೂತವರ ನಡುವೆ ಹಾದು, ಕಾಲು ತೊಳೆಯಲು ಇಟ್ಟ ಚೆಂಬಿನಲ್ಲಿ ಕೊಕ್ಕು ಅದ್ದಿ, ಬಂದ ದಾರಿಯಲ್ಲೇ ಸಾಲಾಗಿ ಹೊರಟುಹೋಗುತ್ತಿದ್ದವು. ಮೊಟ್ಟೆಯನ್ನು ನಸುಕಿನಲ್ಲಿ ನಡೆಯುವಾಗ ಎಲ್ಲಿ ನೆನಪಾಯಿತೋ ಅಲ್ಲಿ ಇಡುತ್ತಿದ್ದವು. ಅಜ್ಜಯ್ಯ ಒಂದು ಬೆಳಗ್ಗೆ ತಮ್ಮ ಎಕ್ಕಡದಲ್ಲಿ ಒಂದನ್ನು ಕಾಲಿನಿಂದಲೇ ಕಂಡುಹಿಡಿದರು.

ಕಷ್ಟವೆಂದರೆ, ಅಜ್ಜಿಗೆ ಗೊತ್ತಿದ್ದ ಯಾವ ದೈವವೂ ಬಾತು ಕೇಳುತ್ತಿರಲಿಲ್ಲ. ಒಮ್ಮೆ ದೊಡ್ಡ ಅಳಿಯಂದಿರು ಬಂದವರು ಅಂಗಳದಲ್ಲಿ ಹಾದುಹೋದ ಸಾಲನ್ನು ನೋಡಿ, ಬಾತಿನ ಸಾರೂ ಚೆನ್ನಾಗಿರ್ತದಂತೆ ಎಂದು ಗೋಡೆಗೆ ಹೇಳುವವರಂತೆ ಹೇಳಿದರು. ಅಜ್ಜಿಯ ಮುಖ ಬಿಳುಚಿತು. ಚೌಡಿ, ಪಂಜ್ರೊಳ್ಳಿ, ಭೂತರಾಯ ಯಾರೂ ಒದಗಲಿಲ್ಲ. ಅವಳ ಕಣ್ಣು ಅತ್ತಿತ್ತ ಓಡಿ ಗೋಡೆಯ ಕ್ಯಾಲೆಂಡರಿನ ಮೇಲೆ ನಿಂತಿತು. ಅಲ್ಲಿ ಸರಸ್ವತಿ ವೀಣೆ ಹಿಡಿದು ಕೂತಿದ್ದಳು, ಕಾಲಬಳಿ ಹಂಸ.

“ಶಿವಶಿವಾ! ಶಾರದಮ್ಮನ ವಾಹನ ಅಲ್ಲನಾ ಅದು! ಶೃಂಗೇರಿ ಇಷ್ಟು ಹತ್ರ ಇಟ್ಕಂಡು ಎಂಥ ಮಾತಾಡ್ತೀರಿ?”

“ಅದು ಹಂಸ ಅವ್ವಾ. ಇವು ಬಾತು” ಅಂದರು ಚಿಕ್ಕಯ್ಯ.

“ಹಂಸ ನಮ್ಮನೆಗೆ ಬಂದ್ರೆ ಹಿಂಗೇ ಇರ್ತದೆ. ದಿನಾ ಕೆಸರಲ್ಲಿ ತಿರುಗಿದ್ರೆ ಬಣ್ಣ ಉಳೀತದಾ? ಅದನ್ನ ಕಡಿದ್ರೆ ಹುಡುಗರಿಗೆ ವಿದ್ಯೆ ಹತ್ತಾದಿಲ್ಲ.”

ಆ ವರ್ಷವೇ ಅಳಿಯಂದಿರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದಿದ್ದ. ಅವರು ಎಲೆಯಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ಸುಮ್ಮನಾದರು. ಮುಂದೆ ನಾನು ಪಾಸಾದಾಗ ಅದರ ಕೀರ್ತಿ ನನಗಾಗಲಿ ಮೇಷ್ಟರಿಗಾಗಲಿ ಬರಲಿಲ್ಲ. ಬಾತುಗಳಿಗೆ ಅಂದು ನುಚ್ಚಿನ ಜೊತೆ ಬೆಲ್ಲ ಸಿಕ್ಕಿತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿ ಬಾತುಗಳ ಮುಂದೆ ಮಾತ್ರ ಕೊಂಚ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಅದು ನಾಟಕವೋ ನಂಬಿಕೆಯೋ ಅವಳಿಗಾದರೂ ಗೊತ್ತಿತ್ತೇ ಎಂದು ಈಗ ಅನಿಸುತ್ತದೆ. ಒಂದು ಸುಳ್ಳನ್ನು ಬಹಳ ಕಾಲ ಸಾಕಿದರೆ ಅದೂ ಕೈಗೆ ಬಂದು ಮೇಯುತ್ತದೆ.

ಒಂದು ಬೇಸಿಗೆ ಕೊಕ್ಕರೆ ರೋಗ ಬಂತು. ಕೋಳಿಗಳು ಕೊಕ್ಕು ತೆರೆದು ಉಸಿರಿಗೆ ತಿಣುಕಿದವು, ಕತ್ತು ತಿರುಚಿಕೊಂಡವು, ಬೆಳಗ್ಗೆ ಒಡ್ಡಿಯ ಬಾಗಿಲು ತೆಗೆದರೆ ಹೊರಬರುವವು ದಿನದಿನಕ್ಕೆ ಕಡಿಮೆಯಾದವು. ಚಿಕ್ಕಯ್ಯ ಪಶು ಆಸ್ಪತ್ರೆಗೆ ಓಡಿದರು. ಲಸಿಕೆ ರೋಗ ಬರುವ ಮುಂಚೆ ಹಾಕಿಸಬೇಕಾದದ್ದು, ಬಂದ ಮೇಲೆ ಔಷಧಿಯಿಲ್ಲ ಎಂದು ಕೇಳಿ ಬರಿಗೈಯಲ್ಲಿ ಬಂದರು. ಹಲಸಿನ ಮರದ ಕೆಳಗೆ ಗುಂಡಿ ತೆಗೆದು ಸುಣ್ಣ ಹಾಕಿ ಹೂಳುವಾಗ ಅಜ್ಜಿ ಪಕ್ಕದಲ್ಲಿ ನಿಂತು ಒಂದೊಂದರ ಒಡೆಯನ ಹೆಸರು ಹೇಳಿದಳು. ಇದು ಚೌಡಿದು. ಇದು ಭೂತರಾಯಂದು. ಒಂದು ಸಣ್ಣ ಹ್ಯಾಟೆಗೆ ಯಾವ ಹೆಸರೂ ಹೊರಡಲಿಲ್ಲ. ಅದನ್ನು ಯಾರಿಗೂ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಇದು ನಂದೇ” ಅಂದಳು. ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಬಾತುಗಳಿಗೆ ಏನೂ ಆಗಲಿಲ್ಲ. ಈ ರೋಗದ ವೈರಸ್ಸು ಮೈಗೆ ಹೊಕ್ಕರೂ ಬಾತುಗಳು ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ ಎಂದು ನಾನು ಆಮೇಲೆ ಓದಿ ತಿಳಿದೆ. ಅಜ್ಜಿಗೆ ಓದುವ ಅಗತ್ಯ ಬೀಳಲಿಲ್ಲ. ಶಾರದಮ್ಮ ಕಾದಳು ಅಂದಳು.

ಖಾಲಿ ಒಡ್ಡಿಗೆ ಚಿಕ್ಕಯ್ಯ ಗಿರಿರಾಜನ ಮರಿಗಳನ್ನು ತಂದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಹೊರತಂದ ತಳಿ. ಹಿತ್ತಲಿನಲ್ಲಿ ಕೆದರಿಕೊಂಡೇ ಬದುಕಬಲ್ಲದು, ನಾಟಿಗಿಂತ ಬೇಗ ತೂಕ ಬರುತ್ತದೆ. ಅಜ್ಜಿ ಅವನ್ನು ಸರ್ಕಾರದ ಕೋಳಿ ಎಂದು ಕರೆದು ದೂರವೇ ಇಟ್ಟಳು. ಅವು ನಮ್ಮಲ್ಲಿ ಕಾವಿಗೂ ಕೂರಲಿಲ್ಲ. ಮೈ ಬೆಳೆಸಿಕೊಂಡು ಸಾರಾದವು. ಅವ್ವ ನೆಂಟರ ಮುಂದೆ ತಲೆಯೆತ್ತಿ ಓಡಾಡಿದ ಕಾಲವೆಂದರೆ ಅದೊಂದೇ. ಅಷ್ಟರಲ್ಲಿ ಅವುಗಳಲ್ಲೊಂದು ಹುಂಜ, ಮೊಣಕಾಲು ನೋವಿನಿಂದ ನಿಧಾನವಾಗಿದ್ದ ಅಜ್ಜಿಯ ಹಿಂದೆ ಅಷ್ಟೇ ನಿಧಾನವಾಗಿ ನಡೆಯಲು ಕಲಿಯಿತು. ಮುಂದಿನ ಅಮಾವಾಸ್ಯೆಗೆ ಅದು ಚೌಡಿಯದಾಯಿತು.

ಅಜ್ಜಿ ಹಾಸಿಗೆ ಹಿಡಿದ ವರ್ಷ ಮಾತು ಬಹುಮಟ್ಟಿಗೆ ನಿಂತಿತ್ತು. ನೋಡಲು ಬರುವ ನೆಂಟರು ಹೆಚ್ಚಾದರು. ಒಂದು ದಿನ ಚಿಕ್ಕಯ್ಯ ಬುಟ್ಟಿ ಹಿಡಿದು ಹಿತ್ತಲಿಗೆ ಬಂದರು. ಇನ್ನು ಅಡ್ಡ ಹೇಳುವವರು ಯಾರೂ ಇರಲಿಲ್ಲ. ಒಲೆಯ ಮುಂದಿದ್ದ ಅವ್ವ, ವರ್ಷಗಟ್ಟಲೆ ಬದನೆಕಾಯಿ ಹೆಚ್ಚಿ ಬೇಸತ್ತಿದ್ದ ಅದೇ ಅವ್ವ, ಎದ್ದು ಬಾಗಿಲಿಗೆ ಬಂದಳು.

“ಅದು ಚೌಡಿಗೆ ಬಿಟ್ಟಿದ್ದು” ಅಂದಳು. ಒಳಕೋಣೆಗೆ ಕೇಳಬೇಕಾದಷ್ಟು ಗಟ್ಟಿಯಾಗಿ.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಒಡ್ಡಿ ಈಗ ಅವ್ವನದು, ತುಂಬಿ ತುಳುಕುತ್ತದೆ. ಯಾವುದು ಯಾವ ದೇವರದೆಂಬ ಪಟ್ಟಿ ಅವಳ ಬಾಯಲ್ಲಿದೆ. ಹಾಗಾಗಿ ರಜೆಗೆ ನಾವು ಊರಿಗೆ ಹೋದರೆ ಚಿಕ್ಕಯ್ಯ, ಹಿತ್ತಲ ತುಂಬ ನಾಟಿಕೋಳಿ ಇರುವ ಮನೆಗೆ, ಪೇಟೆಯಿಂದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬ್ರಾಯ್ಲರ್ ತರುತ್ತಾರೆ. ಅದಕ್ಕೆ ಆಯುಸ್ಸು ಸುಮಾರು ಆರು ವಾರ. ಹೋದ ಸಲ ಎಲ್ಲರೂ ಕಡುಬಿಗೆ ಕೂತಿದ್ದಾಗ ನನ್ನ ಮಗ, ಬೆಳಗಿನಿಂದ ಅವ್ವನ ಪಟ್ಟಿ ಕೇಳುತ್ತಾ ಹಿತ್ತಲು ಸುತ್ತಿದ್ದವನು, ತಟ್ಟೆ ನೋಡಿ ಕೇಳಿದ:

“ಈ ಕೋಳಿನ ಯಾವ ದೇವರಿಗೆ ಬಿಟ್ಟಿದ್ರು ಅಜ್ಜೀ?”

ಅವ್ವ ಸೌಟು ಹಿಡಿದು ನಿಂತಳು. ಚಿಕ್ಕಯ್ಯ ನನ್ನನ್ನು ನೋಡಿದರು.

“ಅದಕ್ಕೆ ಯಾರೂ ಇರ್ಲಿಲ್ಲ ಮಗಾ” ಅಂದಳು ಅವ್ವ.

ಮಗ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ನಾನು ಬಡಿಸಿಕೊಂಡೆ.