ಫೈಲ್ ಅಮ್ಮನ ಕೈಗೆ ಕೊಟ್ಟ ಮೇಲೆ

ರಾತ್ರಿ ಹನ್ನೊಂದು ಗಂಟೆಗೆ ಅಮ್ಮನ ಹಣೆ ಮುಟ್ಟಿದರೆ ಸುಡುತ್ತಿತ್ತು. ಥರ್ಮಾಮೀಟರ್‌ನಲ್ಲಿ 101. ನಾವಿಬ್ಬರು, ಅಕ್ಕ ಮತ್ತು ತಮ್ಮ, ಮುಖ ಮುಖ ನೋಡಿಕೊಂಡೆವು. ಹೊರಗೆ ಜೋರು ಮಳೆ. ವಿಟ್ಲದ ಹತ್ತಿರದ ನಮ್ಮ ಮನೆಯಿಂದ ಮಂಗಳೂರಿಗೆ ಸುಮಾರು ನಲವತ್ತು ಕಿಲೋಮೀಟರ್. ಒಂದು ಪ್ಯಾರಸಿಟಮಾಲ್ ಕೊಟ್ಟೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುವ ಎಂದು ಮಾತಾಡಿಕೊಂಡು ಮಲಗಿದೆವು.

ಅದು ಅಮ್ಮನಿಗೆ ಎರಡನೇ ಕೀಮೋ ಆಗಿ ಹತ್ತನೇ ದಿನ.

ಬೆಳಿಗ್ಗೆ ಅಮ್ಮನಿಗೆ ಎದ್ದು ನಿಲ್ಲಲಿಕ್ಕೆ ಆಗಲಿಲ್ಲ. ನೆರೆಮನೆಯವರ ಓಮ್ನಿಯಲ್ಲಿ ಮಲಗಿಸಿಕೊಂಡು ಹೊರಟೆವು. ಬಿ.ಸಿ. ರೋಡ್ ದಾಟುವಾಗ ಮಾತು ತೊದಲುತ್ತಿತ್ತು. ಮಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಬಿಳಿ ರಕ್ತಕಣಗಳು ತೀರಾ ಇಳಿದಿದ್ದವು. ಡಾಕ್ಟರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಜ್ವರ ಬಂದ ಕೂಡಲೇ ಯಾಕೆ ಕರ್ಕೊಂಡು ಬರಲಿಲ್ಲ?"

ಆರು ದಿನ ಆಸ್ಪತ್ರೆ. ಹಗಲು ರಾತ್ರಿ ಆ್ಯಂಟಿಬಯೋಟಿಕ್ ಡ್ರಿಪ್. ಅಮ್ಮ ಉಳಿದರು.

ಎರಡನೇ ದಿನ ನಾವು ಫೈಲ್ ಬಿಡಿಸಿ ಕೂತೆವು. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು: ಜ್ವರ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂಡಲೇ ತುರ್ತು ವಿಭಾಗಕ್ಕೆ ಬನ್ನಿ. ಅದು ಅಲ್ಲೇ ಇತ್ತು. ಹದಿನೈದು ದಿನದಿಂದ ನಮ್ಮ ಕೈಯಲ್ಲೇ ಇತ್ತು. ನಮ್ಮಿಬ್ಬರಲ್ಲಿ ಒಬ್ಬರು ಬಿ.ಕಾಂ. ಮಾಡಿದವರು, ಇನ್ನೊಬ್ಬರು ಪತ್ರಿಕೋದ್ಯಮ ಓದಿದವರು. ಹಳ್ಳಿಯವರಿಗೆ ಮಾಹಿತಿ ತಲುಪುತ್ತಿಲ್ಲ ಎಂದು ಎಷ್ಟೋ ಸಲ ಬರೆದಿದ್ದೇವೆ. ನಮ್ಮ ಅಮ್ಮನ ಚೀಟಿಯನ್ನು ಕೊನೆವರೆಗೆ ಓದಿರಲಿಲ್ಲ.

ನಾಚಿಕೆ ಅಷ್ಟಕ್ಕೇ ಮುಗಿಯಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಅಮ್ಮ ಹೇಳಿದರು, "ಆ ದಿನ ಮಧ್ಯಾಹ್ನದಿಂದಲೇ ಚಳಿ ನಡುಕ ಇತ್ತು."

"ಹೇಳಲಿಲ್ಲ ಯಾಕಮ್ಮ?"

"ಫೈಲ್ ನಿಮ್ಮ ಹತ್ರ ಉಂಟಲ್ಲ. ಎಂತ ಮಾಡ್ಬೇಕು ಅಂತ ನಿಮಗೆ ಗೊತ್ತುಂಟು ಅಂತ ಗ್ರಹಿಸಿದೆ."

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ನಾವು ಮಾಡಿದ್ದು ಅದನ್ನೇ. ಫೈಲ್ ನಾವು ಹಿಡಿದೆವು. ಡಾಕ್ಟರ ಜೊತೆ ನಾವು ಮಾತಾಡಿದೆವು. ಅಮ್ಮನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿದೆವು. ಕ್ಯಾನ್ಸರ್ ಎಂಬ ಶಬ್ದವನ್ನೂ ಹೇಳದೆ "ಗಡ್ಡೆ" ಎಂದೆವು. ಅದನ್ನು ಪ್ರೀತಿ ಎಂದೇ ತಿಳಿದಿದ್ದೆವು. ಆದರೆ ಕಾಯಿಲೆ ಇದ್ದದ್ದು ಅಮ್ಮನ ಮೈಯಲ್ಲಿ. ಚಳಿ ಮೊದಲು ಗೊತ್ತಾಗುವುದು ಅವರಿಗೆ. ಅದರ ಅರ್ಥ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

ಮೂರನೇ ಕೀಮೋದ ದಿನ ಒಬ್ಬರು ನರ್ಸ್ ನಮ್ಮನ್ನು ಪಕ್ಕಕ್ಕೆ ಸರಿಸಿ ಅಮ್ಮನ ಮುಂದೆ ಸ್ಟೂಲ್ ಹಾಕಿ ಕೂತರು. "ಎಂಚ ಉಲ್ಲರ್ ಅಮ್ಮ?" ಎಂದು ಶುರು ಮಾಡಿ ಎಲ್ಲವನ್ನೂ ತುಳುವಿನಲ್ಲೇ ಹೇಳಿದರು. ಕೈಯಲ್ಲಿ ಒಂದು ಸಾಮಾನ್ಯ ಕ್ಯಾಲೆಂಡರ್. ಕೀಮೋ ಕೊಟ್ಟ ದಿನಕ್ಕೆ ಒಂದು ಗುರುತು. ಅಲ್ಲಿಂದ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಕೆಂಪು ಗೆರೆ. ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಕಡಿಮೆಯಾಗುವ ದಿನಗಳು ಇವು. ಈ ದಿನಗಳಲ್ಲಿ ಸಣ್ಣ ಸೋಂಕೂ ಗಂಟೆಗಳ ಒಳಗೆ ಜೀವಕ್ಕೆ ಬರಬಹುದು. ಜ್ವರ ನೋಡದೆ ಪ್ಯಾರಸಿಟಮಾಲ್ ನುಂಗಬಾರದು, ಅದು ಜ್ವರವನ್ನು ಮುಚ್ಚಿಡುತ್ತದೆ. 100.4 ಕಂಡರೆ ರಾತ್ರಿ, ಮಳೆ, ಬಸ್ಸು ಎಂದು ನೋಡಬಾರದು, 108ಕ್ಕೆ ಫೋನ್ ಮಾಡಿಯಾದರೂ ಹೊರಡಬೇಕು. ಕೆಂಪು ಗೆರೆ ಮುಗಿದರೂ ಜ್ವರದ ಮಾತು ಇದೇ.

ಆಮೇಲೆ ನರ್ಸ್ ಕೇಳಿದರು, "ಈಗ ನೀವು ನನಗೆ ಹೇಳಿ. ರಾತ್ರಿ ಜ್ವರ ಬಂದರೆ ಎಂತ ಮಾಡ್ತೀರಿ?" ಅಮ್ಮ ಹೇಳಿದರು. ಒಂದು ತಪ್ಪಿತು. ಅವರು ತಿದ್ದಿದರು. ಮತ್ತೆ ಹೇಳಿಸಿದರು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ.

ಆ ದಿನ ಬಸ್ಸಿನಲ್ಲಿ ಅಮ್ಮ ಕೈ ಚಾಚಿ, "ಫೈಲ್ ಕೊಡಿ ಇಲ್ಲಿ" ಎಂದರು. ಕೊಟ್ಟೆವು. ಮನೆ ಮುಟ್ಟಿದ ಮೇಲೆ, "ಇದು ಕ್ಯಾನ್ಸರ್ ಅಲ್ವಾ?" ಎಂದು ಕೇಳಿದರು. ಹೌದು ಎಂದೆವು. "ನನಗೆ ಗೊತ್ತಿತ್ತು. ನಿಮಗೆ ಬೇಜಾರಾಗ್ತದೆ ಅಂತ ಕೇಳಲಿಲ್ಲ" ಎಂದರು.

ಮತ್ತೆ ಮನೆಯ ಕ್ರಮವೇ ಬದಲಾಯಿತು. ಥರ್ಮಾಮೀಟರ್ ಅಮ್ಮನ ದಿಂಬಿನ ಅಡಿಗೆ ಬಂತು. ಆಪರೇಷನ್ ಆದ ಬದಿಯ ಕೈ ಮೇಲೆ ಎತ್ತಲಿಕ್ಕೆ ಕಷ್ಟವಿತ್ತು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೆಲ್ಲ ಮೇಲಕ್ಕೆ ನಡೆಸುವ ವ್ಯಾಯಾಮ ಹೇಳಿಕೊಟ್ಟಿದ್ದರು. ಅಮ್ಮ ಅಡಿಗೆಮನೆಯ ಗೋಡೆಯಲ್ಲಿ ಬೆರಳು ಮುಟ್ಟಿದಲ್ಲಿಗೆ ಮಸಿಯ ಗುರುತು ಹಾಕಿದರು. ವಾರಕ್ಕೊಂದು ಗುರುತು. ಬೀಡಿಯ ತಡ್ಪೆ ಮಡಿಲಲ್ಲಿಟ್ಟು ವರ್ಷಗಟ್ಟಲೆ ಕೂತವರಿಗೆ ಲೆಕ್ಕ ಇಡುವುದು ಯಾರೂ ಕಲಿಸಬೇಕಾಗಿರಲಿಲ್ಲ. ಯಾವುದರ ಲೆಕ್ಕ ಎಂದು ಹೇಳಿದರೆ ಸಾಕಿತ್ತು.

ಐದನೇ ಕೀಮೋದ ಹೊತ್ತಿಗೆ ಬೆಂಚಿನಲ್ಲಿ ಅಮ್ಮನ ಸುತ್ತ ಜನ. ಮಂಗಳೂರಿಗೆ ಚಿಕಿತ್ಸೆಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದಲೂ ಬರುತ್ತಾರೆ. ಒಬ್ಬರ ಮಾತು ತುಳು, ಒಬ್ಬರದು ಬ್ಯಾರಿ, ಒಬ್ಬರದು ಕೊಂಕಣಿ, ಒಬ್ಬರದು ಮಲಯಾಳ. ಚೀಟಿ ಮಾತ್ರ ಎಲ್ಲರದ್ದೂ ಇಂಗ್ಲಿಷ್. ಮೊದಲ ಕೀಮೋಕ್ಕೆ ಬಂದ ಒಬ್ಬರು ಹೆಂಗಸು ಹೆದರಿ ಅಳುತ್ತಿದ್ದರು. ಅಮ್ಮ ಬ್ಯಾಗಿನಿಂದ ಕ್ಯಾಲೆಂಡರ್ ತೆಗೆದು ಕೆಂಪು ಗೆರೆ ತೋರಿಸಿದರು. ಕೊನೆಯಲ್ಲಿ, "ಈಗ ನೀವು ನನಗೆ ಹೇಳಿ" ಎಂದರು. ನಾವು ದೂರದಲ್ಲಿ ನಿಂತು ಕೇಳಿದೆವು.

ಈ ಕಲಿಕೆಗೆ ಒಂದು ಹೆಸರಿದೆ ಎಂದು ನಮಗೆ ಗೊತ್ತಾದದ್ದು ಆಮೇಲೆ. ಕಾಯಿಲೆಯ ಸ್ವಯಂ ನಿರ್ವಹಣೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬವರು ಮೊದಲು ಸಂಧಿವಾತದವರಿಗಾಗಿ, ಮತ್ತೆ ಎಲ್ಲಾ ದೀರ್ಘ ಕಾಯಿಲೆಯವರಿಗಾಗಿ ಇಂಥ ತರಗತಿ ರೂಪಿಸಿದರು. ವಾರಕ್ಕೊಮ್ಮೆ ಎರಡೂವರೆ ಗಂಟೆ, ಆರು ವಾರ. ಪಾಠ ಮಾಡುವವರು ತರಬೇತಿ ಪಡೆದ ಇಬ್ಬರು. ಅವರು ಡಾಕ್ಟರೇ ಆಗಬೇಕೆಂದಿಲ್ಲ, ಅಂಥದ್ದೇ ಕಾಯಿಲೆಯ ಜೊತೆ ಬದುಕುವ ಸಾಮಾನ್ಯ ಜನ ಆಗಬಹುದು. ಪ್ರತಿ ವಾರ ಪ್ರತಿಯೊಬ್ಬರೂ ಒಂದು ಸಣ್ಣ ಕೆಲಸ ಹೇಳಬೇಕು: ಏನು ಮಾಡುತ್ತೇನೆ, ಎಷ್ಟು, ಯಾವಾಗ, ವಾರದಲ್ಲಿ ಎಷ್ಟು ದಿನ. ಮತ್ತೆ, ಇದು ನನ್ನಿಂದ ಆಗುತ್ತದೆ ಎಂಬ ಧೈರ್ಯಕ್ಕೆ ಹತ್ತರಲ್ಲಿ ಎಷ್ಟು ಅಂಕ? ಏಳಕ್ಕಿಂತ ಕಡಿಮೆಯಾದರೆ ಬೈಯುವುದಿಲ್ಲ, ಕೆಲಸವನ್ನೇ ಸಣ್ಣದು ಮಾಡುತ್ತಾರೆ.

ನಾವು ಅಮ್ಮನಿಗೆ ಕೇಳಿ ನೋಡಿದೆವು. ದಿನಾ ಅರ್ಧ ಗಂಟೆ ನಡೆಯಲು ಎಷ್ಟು ಅಂಕ? "ಮೂರು." ವಾರದಲ್ಲಿ ನಾಲ್ಕು ದಿನ, ಬೆಳಿಗ್ಗೆ, ಗೂಡಂಗಡಿಯವರೆಗೆ ಹೋಗಿ ಬರಲಿಕ್ಕೆ? "ಎಂಟು ಕೊಡಬಹುದು." ಅಷ್ಟೇ ನಡೆದರು. ಬಿಡದೆ ನಡೆದರು.

ಇದು ಕ್ಯಾನ್ಸರಿನವರಿಗೆ ಮಾತ್ರ ಅಲ್ಲ. ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಒಂದು ಸಲ ಸಂಜೆ ಇನ್ಸುಲಿನ್ ಚುಚ್ಚಿಕೊಂಡು ಊಟ ಮಾಡದೆ ನೇಮ ನೋಡಲು ಹೋಗಿ ಬೆವರಿ ಕುಸಿದರು. ದೈವದ ಮುನಿಸು ಎಂದವರೂ ಇದ್ದರು. ಆಗಿದ್ದು ರಕ್ತದ ಸಕ್ಕರೆ ಇಳಿದದ್ದು. ಎಚ್ಚರ ಇದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿ, ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಎಷ್ಟೋ ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುವ ದೊಡ್ಡಪ್ಪನಿಗೆ ಇದು ಗೊತ್ತಿರಲಿಲ್ಲ. ಈಗ ಅವರ ಅಂಗಿಯ ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರುತ್ತದೆ.

ಮಂಗಳೂರಿನಲ್ಲಿ ಆಸ್ಪತ್ರೆಗೆ ಬರವಿಲ್ಲ. ವೆನ್ಲಾಕ್ ಸರಕಾರಿ ಆಸ್ಪತ್ರೆ 1848ರಿಂದ ಇದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದಯ ರೋಗಗಳಿಗಾಗಿ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎನ್‌ಸಿಡಿ ಕ್ಲಿನಿಕ್‌ಗಳೂ ಅಲ್ಲಿ ಸಮಾಲೋಚಕರ ಹುದ್ದೆಯೂ ಉಂಟು. ಆದರೆ ಡಾಕ್ಟರ ಎದುರು ಕೂರುವುದು ತಿಂಗಳಿಗೆ ಹತ್ತು ನಿಮಿಷ. ಉಳಿದ ಎಲ್ಲಾ ಹೊತ್ತು ಕಾಯಿಲೆಯನ್ನು ನೋಡಿಕೊಳ್ಳುವುದು ಕಾಯಿಲೆ ಇದ್ದವರೇ. ಅವರಿಗೆ ಕಲಿಸದೆ ಮನೆಗೆ ಕಳಿಸಿದರೆ ಚಿಕಿತ್ಸೆ ಅರ್ಧವೇ ಆದ ಹಾಗೆ.

ನಿಮ್ಮ ಮನೆಯಲ್ಲಿಯೂ ಇಂಥ ಫೈಲ್ ಇರಬಹುದು. ಮುಂದಿನ ಸಲ ಹೋಗುವಾಗ ಕಾಯಿಲೆ ಇದ್ದವರನ್ನೇ ಡಾಕ್ಟರ ಎದುರು ಕೂರಿಸಿ. ಅವರಿಂದಲೇ ಮೂರು ಮಾತು ಕೇಳಿಸಿ: ಏನಾದರೆ ನಾನು ಕೂಡಲೇ ಬರಬೇಕು? ರಾತ್ರಿಯಾದರೆ ಯಾರಿಗೆ ಫೋನ್ ಮಾಡಬೇಕು? ಮನೆಯಲ್ಲಿ ನಾನು ದಿನಾ ಮಾಡಬೇಕಾದ್ದು ಏನು? ಉತ್ತರವನ್ನು ಅವರ ಮನೆಮಾತಿನಲ್ಲಿ ತಿರುಗಿ ಹೇಳಿಸಿ. ಚೀಟಿಯ ಕೊನೆಯ ಸಾಲಿನವರೆಗೆ ಓದಿ ಹೇಳಿ. ಓದಲು ಬಾರದಿದ್ದರೆ ಹೊರಡುವ ಮೊದಲು ನರ್ಸ್ ಹತ್ತಿರ ಓದಿಸಿಕೊಳ್ಳಿ.

ಅಮ್ಮನ ಕೀಮೋ ಮುಗಿಯಿತು. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ. ಬಸ್ಸಿನಲ್ಲಿ ನಾವು ಜೊತೆಗೆ ಹೋಗುತ್ತೇವೆ. ಫೈಲ್ ಅಮ್ಮನ ಬ್ಯಾಗಿನಲ್ಲಿರುತ್ತದೆ.