ಮಂಗಳಕ್ಕೆ ಮುನ್ನ ಎದ್ದವರು

ಹುಣಸೂರಿನಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ಮೈಸೂರಿಗೆ ಹೋಗಿ ಕೇಳಿದ ಸಂಗೀತ ಕಚೇರಿಗಳು ನೂರಕ್ಕೆ ಕಡಮೆಯಿರಲಾರವು. ಅವುಗಳಲ್ಲಿ ಮಂಗಳದವರೆಗೆ ಕುಳಿತು ಕೇಳಿದವನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾದಾವು. ಇದಕ್ಕೆ ಕಾರಣ ಅರಸಿಕತೆಯಲ್ಲ, ಕಡೆಯ ಬಸ್ಸು. ಹುಣಸೂರು ಮೈಸೂರಿಗೆ ಸುಮಾರು 45 ಕಿಲೋಮೀಟರು ದೂರ. ಪಿರಿಯಾಪಟ್ಟಣ ಅದರಿಂದಾಚೆಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು. ಕೃಷ್ಣರಾಜನಗರದವರಿಗೆ ರೈಲಿನ ಅನುಕೂಲವಾದರೂ ಉಂಟು. ಹೆಗ್ಗಡದೇವನಕೋಟೆಯ ಗೆಳೆಯರೊಬ್ಬರ ಬಸ್ಸಂತೂ ನಮ್ಮದಕ್ಕಿಂತ ಮೊದಲೇ ಹೊರಡುತ್ತಿದ್ದುದರಿಂದ, ಪ್ರಧಾನ ರಾಗದ ಆಲಾಪನೆಯನ್ನು ಪೂರ್ತಿಯಾಗಿ ಕೇಳುವ ಭಾಗ್ಯ ಅವರಿಗೆ ಒದಗಿದ್ದೇ ಅಪರೂಪ.

ಕೇಳುಗನು ಸಭೆಯಲ್ಲಿ ಹೇಗಿರಬೇಕೆಂಬ ವಿಚಾರದಲ್ಲಿ ನಮ್ಮೊಳಗೆ ವಾಗ್ವಾದ ಹುಟ್ಟಿದ್ದು ಒಂದು ದಸರೆಯಲ್ಲಿ. ಅರಮನೆಯ ಮುಂದೆ ಪೊಲೀಸ್ ವಾದ್ಯವೃಂದದವರು ಮೂರು ಭಾಗಗಳ ಪಾಶ್ಚಾತ್ಯ ಕೃತಿಯೊಂದನ್ನು ನುಡಿಸುತ್ತಿದ್ದರು. ಮೊದಲನೆಯ ಭಾಗ ಮುಗಿದು ನಿರ್ದೇಶಕರ ಕೈಕೋಲು ಇನ್ನೂ ಕೆಳಗಿಳಿದಿರಲಿಲ್ಲ; ಜನಸಮೂಹ ಚಪ್ಪಾಳೆಯ ಮಳೆಗರೆಯಿತು. ನಮ್ಮ ಜೊತೆಯಲ್ಲಿದ್ದ ತರುಣ ಮಿತ್ರರೊಬ್ಬರು, ಮುಂಬಯಿಯಲ್ಲಿ ಕೆಲವು ವರ್ಷ ನೌಕರಿ ಮಾಡಿ ಅಲ್ಲಿನ ವಾದ್ಯಗೋಷ್ಠಿಗಳನ್ನು ಕೇಳಿ ಬಂದವರು, ತುಟಿಯ ಮೇಲೆ ಬೆರಳಿಟ್ಟು ಸುತ್ತಲಿನವರನ್ನು ಗದರಿಸಿದರು. ಹಾಗೆ ಗದರಿಸಿಕೊಂಡವರಲ್ಲಿ ಪಿರಿಯಾಪಟ್ಟಣದ ನಿವೃತ್ತ ಅಂಚೆ ಮಾಸ್ತರರೂ ಒಬ್ಬರು. ಅಂದಿನ ಬಸ್ಸಿನಲ್ಲಿ ಬಿಳಿಕೆರೆ ದಾಟಿದರೂ ಮಾತು ನಿಲ್ಲಲಿಲ್ಲ.

ತರುಣರ ವಾದ ಹೀಗಿತ್ತು: ಭಾಗಗಳು ಮೂರಾದರೂ ಕೃತಿ ಒಂದೇ, ನಡುವಣ ಮೌನವೂ ಆ ಕೃತಿಯ ಅಂಗವೇ, ಚಪ್ಪಾಳೆ ತಟ್ಟಿದವನು ಆ ಮೌನವನ್ನು ಕದ್ದಂತೆ. ನಮ್ಮ ಅರಸರ ಹೆಸರನ್ನೂ ಅವರು ಸಾಕ್ಷಿಗೆ ಕರೆದರು. ಅದಕ್ಕೆ ಆಧಾರವಿಲ್ಲದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಆಟೋ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರು ನಡೆಸುತ್ತಿದ್ದರು. ಜಯಚಾಮರಾಜ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೀರ್ತನೆಗಳನ್ನು ರಚಿಸಿದ ವಾಗ್ಗೇಯಕಾರರು. ಅವರೇ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಪೋಷಕರು. 1950ರ ಮೇ 22ರಂದು ಅಲ್ಲಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕಡೆಯ ನಾಲ್ಕು ಗೀತೆಗಳು ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಕಂಠದಲ್ಲಿ ಮೊಟ್ಟಮೊದಲು ಕೇಳಿಬಂದುದಕ್ಕೆ ಮೈಸೂರಿನ ಮಹಾರಾಜರ ದ್ರವ್ಯಸಹಾಯ ಬೆನ್ನಾಗಿತ್ತು. "ಅಂಥ ಊರಿನ ಜನ ನಾವು, ಕೇಳುವುದನ್ನು ಕಲಿಯಬಾರದೆ?" ಎಂದರು ತರುಣರು.

ಅಂಚೆ ಮಾಸ್ತರರು ನಕ್ಕು, "ಸಂತೋಷವಾದಾಗ ಕೈ ತಟ್ಟಬೇಡವೆಂದರೆ ಕೈಯನ್ನು ಮನೆಯಲ್ಲಿ ಬಿಟ್ಟು ಬರಲೇನಪ್ಪ?" ಎಂದರು. ಅವರು ಕಂಪನಿ ನಾಟಕಗಳನ್ನು ಕಂಡು ಬೆಳೆದವರು. ರಂಗದ ಮೇಲೆ ಸತ್ತು ಬಿದ್ದ ಪಾತ್ರಧಾರಿಯೂ 'ಒನ್ಸ್ ಮೋರ್' ಎಂಬ ಕೂಗು ಕೇಳಿದೊಡನೆ ಎದ್ದು ನಿಂತು, ಹಾಡನ್ನು ಮತ್ತೊಮ್ಮೆ ಹಾಡಿ, ಪುನಃ ಸಾಯುತ್ತಿದ್ದ ಕಾಲವದು. ಮೆಚ್ಚುಗೆಯನ್ನು ಕೊನೆಯವರೆಗೆ ಗಂಟು ಕಟ್ಟಿಡುವುದು ಜಿಪುಣರ ಲಕ್ಷಣವೆಂಬುದು ಅವರ ಮತ.

ಅಂದು ನಾನು ತರುಣರ ಪಕ್ಷವನ್ನೇ ವಹಿಸಿದ್ದೆನೆಂದು ಒಪ್ಪಿಕೊಳ್ಳಬೇಕು. ಮುಂದೆ ಓದುತ್ತ ಹೋದಂತೆ ಆ ಮೌನವೂ ಅನಾದಿಯಲ್ಲವೆಂದು ತಿಳಿಯಿತು. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿಯ ನಡುವೆಯೇ ಜನ ಚಪ್ಪಾಳೆ ತಟ್ಟಿದರೆಂದು ಮೋಟ್ಸಾರ್ಟ್ ತಂದೆಗೆ ಹಿಗ್ಗಿ ಬರೆದಿದ್ದಾನೆ. 1813ರಲ್ಲಿ ವಿಯೆನ್ನಾದ ಜನ ಬೀಥೋವನ್ನನ ಏಳನೆಯ ಸಿಂಫನಿಯ ಎರಡನೆಯ ಭಾಗವನ್ನು ಅಲ್ಲಿಯೇ ಮತ್ತೊಮ್ಮೆ ನುಡಿಸುವಂತೆ ಮಾಡಿದರು. ನಮ್ಮ ಅಂಚೆ ಮಾಸ್ತರರ ಬಂಧುಗಳು ಅಲ್ಲಿಯೂ ಇದ್ದರೆನ್ನಬೇಕು. ಇನ್ನು ವಾಗ್ನರನ ಕಥೆ ವಿನೋದದ್ದು. 1882ರಲ್ಲಿ ಬೈರಾಯ್ಟಿನಲ್ಲಿ ಅವನ 'ಪಾರ್ಸಿಫಾಲ್' ನಡೆಯುತ್ತಿದ್ದಾಗ, ಗಂಭೀರ ಮೌನವೇ ಇಲ್ಲಿನ ನಿಯಮವೆಂದು ಭಾವಿಸಿದ್ದ ಪ್ರೇಕ್ಷಕರು, ನಡುವೆ 'ಬ್ರಾವೋ' ಎಂದು ಕೂಗಿದವನೊಬ್ಬನನ್ನು ಗದರಿಸಿ ಸುಮ್ಮನಿರಿಸಿದರು. ಹಾಗೆ ಕೂಗಿದವನು ವಾಗ್ನರನೇ.

ನಮ್ಮ ಸೀಮೆಯಲ್ಲಿಯೂ ಎರಡು ರೀತಿಗಳುಂಟು. ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವಾಗ ಕೇಳುಗರು 'ಉಘೇ' ಎನ್ನದೆ ಕಲ್ಲಿನಂತೆ ಕುಳಿತರೆ ಹಾಡುವವರಿಗೆ ಉಸಿರೇ ಹತ್ತದು. ಇತ್ತ ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ, ಕಾವೇರಿ ಭೋರ್ಗರೆದು ಧುಮುಕುವ ಎಡೆಯಲ್ಲಿಯೇ ಕೋದಂಡರಾಮನ ಗುಡಿಯಿದೆ. ಗರ್ಭಗುಡಿಯೊಳಗೆ ಮಾತ್ರ ಆ ಸದ್ದು ಕೇಳಿಸದೆಂಬುದು ಜನರ ನಂಬಿಕೆ. ನೀರಿನ ಸದ್ದೂ ಬೇಕು, ಅದು ಹೊಗದ ಒಂದು ಎಡೆಯೂ ಬೇಕು ಎಂದು ನಮ್ಮ ಹಿರಿಯರು ಬಯಸಿದ್ದರೋ ಏನೋ.

ಆದರೆ ಚಪ್ಪಾಳೆಯ ಮಾತನ್ನು ಇಷ್ಟು ಚರ್ಚಿಸಿದ ನಾವು ನಮ್ಮ ಬೆನ್ನನ್ನು ನೋಡಿಕೊಂಡಿರಲಿಲ್ಲ. ಒಂಟಿಕೊಪ್ಪಲಿನ ಎಂಟನೆಯ ಅಡ್ಡರಸ್ತೆಯಲ್ಲಿ ಗಣೇಶೋತ್ಸವದ ಚಪ್ಪರದ ಕಚೇರಿಗಳು 1962ರಿಂದ ನಡೆದುಬಂದಿವೆ. ಹುಣಸೂರು ರಸ್ತೆ ಅಲ್ಲಿಂದ ಸಮೀಪವೇ ಆದರೂ, ಕಡೆಯ ಬಸ್ಸು ತುಂಬಿ ಬಂದರೆ ನಡುದಾರಿಯಲ್ಲಿ ನಿಲ್ಲಿಸುತ್ತಿರಲಿಲ್ಲ. ನಿಲ್ದಾಣಕ್ಕೇ ಹೋಗಿ ಹತ್ತಬೇಕಾಗಿತ್ತು. ಹಾಡುಗಾರರು ಪ್ರಧಾನ ಕೃತಿಯನ್ನು ಮುಗಿಸಿ ಮೃದಂಗದವರತ್ತ ತಿರುಗಿ ಕೈ ತೋರಿದರೆ ನಮಗೆ ಅದೇ ಗಡಿಯಾರ. ತನಿ ಆವರ್ತನದ ಮೊದಲ ಪೆಟ್ಟು ಬೀಳುತ್ತಿದ್ದಂತೆ ನಾವು ಚೀಲ ಎತ್ತಿಕೊಂಡು, ಕುಳಿತವರ ಮೊಣಕಾಲುಗಳನ್ನು ದಾಟಿಕೊಂಡು ಹೊರಬೀಳುತ್ತಿದ್ದೆವು. ಎರಡು ಗಂಟೆ ಕಾಲ ಇನ್ನೊಬ್ಬರ ಹಾಡಿಗೆ ನೆರಳಾಗಿ ನಡೆದ ಕೈಗೆ ಸ್ವಂತ ಮಾತಿಗೆಂದು ದೊರೆಯುವ ಹದಿನೈದು ನಿಮಿಷ ಅದು. ಮೃದಂಗದ ನಾದವನ್ನು ಯಂತ್ರ ಕೆಡಿಸುತ್ತದೆಂದು ಪಾಲ್ಘಾಟ್ ಮಣಿ ಅಯ್ಯರ್ ಅವರು ಧ್ವನಿವರ್ಧಕವೇ ಬೇಡವೆಂದು ಪಟ್ಟುಹಿಡಿದಿದ್ದುಂಟು. ಅಂಥ ಸೂಕ್ಷ್ಮದ ವಿದ್ಯೆಗೆ ನಾವು ಸಲ್ಲಿಸುತ್ತಿದ್ದ ಕಾಣಿಕೆ ಚಪ್ಪಲಿಯ ಸದ್ದು.

ಒಂದು ಬೆಳಗ್ಗೆ ಹುಣಸೂರಿನಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ, ನಮ್ಮ ತಾಲ್ಲೂಕಿನವರೇ ಆದ ಒಬ್ಬ ಮೃದಂಗ ವಿದ್ವಾಂಸರು ನನ್ನ ಪಕ್ಕದಲ್ಲಿ ಕುಳಿತರು. ಹಿಂದಿನ ವರ್ಷ ಅದೇ ಚಪ್ಪರದಲ್ಲಿ ಅವರು ನುಡಿಸಿದ್ದರು. ನಾನು ಮೆಚ್ಚುಗೆಯ ಎರಡು ಮಾತನಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ತಮ್ಮ ಮುಖ ಹಾಡುಗಾರರಿಗೆ; ನನಗೆ ಪರಿಚಯವಾದದ್ದು ತಮ್ಮ ಬೆನ್ನು" ಎಂದರು. ನಾನು ಬಸ್ಸಿನ ಕಾರಣ ಹೇಳಿದೆ.

"ನಾನೂ ಅದೇ ಬಸ್ಸಿನವನೇ," ಎಂದರು ಅವರು. "ಬಿಟ್ಟುಕೊಂಡು ನುಡಿಸುತ್ತೇನೆ. ರಾತ್ರಿ ನಿಲ್ದಾಣದಲ್ಲಿ ಮಲಗಿ ಮೊದಲನೆಯ ಬಸ್ಸಿಗೆ ಊರು ಸೇರುತ್ತೇನೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಮರುವರ್ಷದ ಉತ್ಸವದಲ್ಲಿ ಅವರ ಕಚೇರಿಯಿದ್ದ ದಿನ ನಾವು ಮೊದಲೇ ಮಾತನಾಡಿಕೊಂಡೆವು. ಅಂಚೆ ಮಾಸ್ತರರಿಗೆ ರಾತ್ರಿ ಔಷಧಿ ತಪ್ಪುವಂತಿರಲಿಲ್ಲ. ಅವರು ಪ್ರಧಾನ ರಾಗ ಮೊದಲಾಗುವ ಮುನ್ನ, ಎರಡು ಕೃತಿಗಳ ನಡುವೆ, ವೇದಿಕೆಯತ್ತ ಕೈಮುಗಿದು ಎದ್ದು ಹೋದರು. ಅದು ಯಾರಿಗೂ ತೊಂದರೆಯಾಗದ ರೀತಿ. ಇಷ್ಟು ವರ್ಷ ನಮಗೇಕೆ ಹೊಳೆಯಲಿಲ್ಲವೋ ತಿಳಿಯದು. ತರುಣರೂ ನಾನೂ ಉಳಿದೆವು. ತನಿ ಆರಂಭವಾದೊಡನೆ ಚಪ್ಪರದ ಕಾಲುಭಾಗ ಎದ್ದಿತು. ಎದ್ದವರಲ್ಲಿ ದೂರದೂರಿನವರು ಕೆಲವರೇ. ಉಳಿದವರು ಕಾಫಿಗೆ ಹೊರಟ ಅದೇ ಬಡಾವಣೆಯವರು. ವಿದ್ವಾಂಸರು ತಲೆಯೆತ್ತದೆ ನುಡಿಸಿದರು. ತಿಶ್ರ ನಡೆಗೆ ಹೊರಳಿದ ಒಂದು ಎಡೆಯಲ್ಲಿ ತರುಣರು ಮೈಮರೆತು 'ಭಲೇ' ಎಂದು ಗಟ್ಟಿಯಾಗಿ ಕೂಗಿಬಿಟ್ಟರು. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟರು.

ಮಂಗಳವಾದ ಮೇಲೆ ಮೂವರೂ ನಿಲ್ದಾಣಕ್ಕೆ ನಡೆದೆವು. ಕಲ್ಲುಬೆಂಚಿನ ಮೇಲೆ ಮೃದಂಗವನ್ನು ಗೋಡೆಯ ಕಡೆಗಿರಿಸಿ, ಅದಕ್ಕೆ ಅಡ್ಡವಾಗಿ ವಿದ್ವಾಂಸರು ಕುಳಿತರು. ತರುಣರು ಆ ತಿಶ್ರದ ಲೆಕ್ಕವನ್ನು ಕೇಳಿದರು. ಅವರು ಬೆಂಚಿನ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿ ತೋರಿಸಿದರು. ನನಗೆ ಮೂರು ಸಲವೂ ತಿಳಿಯಲಿಲ್ಲ. ಮುಂಜಾವಿನ ಬಸ್ಸು ಇಲವಾಲ ಮುಟ್ಟುವ ವೇಳೆಗೆ ಅವರು ನಿದ್ರೆಹೋಗಿದ್ದರು. ಮೃದಂಗ ನನ್ನ ತೊಡೆಯ ಮೇಲಿತ್ತು.